ಇಸ್ಫಹಾನ್ ಅಫ್ಘನ್ನರ ಕೈಗೆ ಬಿದ್ದದ್ದು ಹೇಗೆ?

ಪ್ರಶ್ನೆ: ಒಟ್ಟೊಮನ್ನರಿಗೂ ಮೊಘಲರಿಗೂ ಎದುರಾಗಿ ನಿಂತಿದ್ದ ಪರ್ಷಿಯಾದ ಸಫವಿ ಸಾಮ್ರಾಜ್ಯ 1722ರಲ್ಲಿ ಕಂದಹಾರದಿಂದ ಬಂದ ಅಫ್ಘನ್ ಪಡೆಗೆ ರಾಜಧಾನಿಯನ್ನೇ ಒಪ್ಪಿಸಿತು ಎಂದು ಓದಿದೆ. ಅಷ್ಟು ಚಿಕ್ಕ ಪಡೆಗೆ ಇದು ಹೇಗೆ ಸಾಧ್ಯವಾಯಿತು?

ಉತ್ತರ: ಪಡೆ ಚಿಕ್ಕದು ಎಂಬುದು ನಿಜ. ಇಸ್ಫಹಾನಿನ ಗೋಡೆ ಹತ್ತಿ ಊರು ಹಿಡಿಯುವಷ್ಟು ಬಲ ತನಗಿಲ್ಲವೆಂದು ಆ ಪಡೆಯ ನಾಯಕ ಮಹಮೂದನಿಗೇ ಗೊತ್ತಿತ್ತು. ಮುತ್ತಿಗೆಯ ಆರಂಭದಲ್ಲಿ ಅವನು ರಾಜಿಗೂ ಮುಂದಾಗಿದ್ದ: ಕಂದಹಾರದ ಸ್ವತಂತ್ರ ಆಳ್ವಿಕೆ, ಒಂದಿಷ್ಟು ಹಣ, ಷಾನ ಒಬ್ಬ ಮಗಳೊಂದಿಗೆ ಮದುವೆ. ಅರಮನೆ ಒಪ್ಪಲಿಲ್ಲ. ಇಷ್ಟಕ್ಕೆ ತೃಪ್ತನಾಗಬಲ್ಲವನು ಏಳು ತಿಂಗಳಲ್ಲಿ ಇಡೀ ಸಿಂಹಾಸನವನ್ನೇ ಪಡೆದದ್ದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಂದಹಾರ್ ಮೊದಲಿನಿಂದಲೂ ಇಬ್ಬರು ಅರಸರ ನಡುವಿನ ಊರು. 1622ರಲ್ಲಿ ಷಾ ಅಬ್ಬಾಸ್ ಅದನ್ನು ಮೊಘಲರಿಂದ ಕಿತ್ತುಕೊಂಡ. 1638ರಲ್ಲಿ ಅಲಿ ಮರ್ದಾನ್ ಖಾನ್ ಎಂಬ ಪರ್ಷಿಯನ್ ಅಧಿಕಾರಿ ಅದನ್ನು ಷಾಜಹಾನನಿಗೆ ಒಪ್ಪಿಸಿದ. 1649ರಲ್ಲಿ ಮತ್ತೆ ಪರ್ಷಿಯಾದ ಪಾಲಾಯಿತು. ಔರಂಗಜೇಬ್ ಎರಡು ಸಲ, ದಾರಾ ಶುಕೋ ಒಂದು ಸಲ ಮುತ್ತಿಗೆ ಹಾಕಿ ಬರಿಗೈಯಲ್ಲಿ ಮರಳಿದರು. ಸುತ್ತಲಿನ ಗಿಲ್ಜಿ ಮತ್ತು ಅಬ್ದಾಲಿ ಪಠಾಣರು ಅತ್ತ ಇತ್ತ ತೂಗಿ ನೋಡಿ ತಮಗೆ ಅನುಕೂಲವಾದ ಕಡೆಗೆ ವಾಲುತ್ತಿದ್ದರು. ಅವರನ್ನು ಗೌರವದಿಂದ ನಡೆಸಿಕೊಂಡಷ್ಟು ಕಾಲ ಪರ್ಷಿಯಾಕ್ಕೆ ತೊಂದರೆಯಾಗಲಿಲ್ಲ.

ಆ ಎಚ್ಚರ ತಪ್ಪಿದ್ದು ಷಾ ಸುಲ್ತಾನ್ ಹುಸೇನನ ಕಾಲದಲ್ಲಿ. 1694ರಲ್ಲಿ ಪಟ್ಟಕ್ಕೆ ಬಂದ ಇವನು ಕ್ರೂರಿಯಲ್ಲ. ಬಹುಶಃ ಅದೇ ದೊಡ್ಡ ಕಷ್ಟ. ಯಾರು ಏನು ಹೇಳಿದರೂ ತುರ್ಕಿ ಭಾಷೆಯಲ್ಲಿ 'ಯಖ್ಶಿ ದಿರ್', ಅಂದರೆ 'ಒಳ್ಳೆಯದು', ಎನ್ನುತ್ತಿದ್ದನಂತೆ. ಜನ ಅವನಿಗೆ ಅದನ್ನೇ ಅಡ್ಡಹೆಸರಾಗಿ ಇಟ್ಟರು. ಒಟ್ಟೊಮನ್ನರೊಂದಿಗೆ 1639ರಲ್ಲಿ ಒಪ್ಪಂದವಾದ ಮೇಲೆ ಪಶ್ಚಿಮದಲ್ಲಿ ದೊಡ್ಡ ಯುದ್ಧವಿರಲಿಲ್ಲ. ಸೇನೆ ಕಾಗದದ ಮೇಲೆ ಕೊಬ್ಬಿ, ನೆಲದ ಮೇಲೆ ಸೊರಗಿತ್ತು. ಆಸ್ಥಾನದ ಶಿಯಾ ಧರ್ಮಗುರುಗಳ ಕೈ ಬಲವಾದಂತೆ ಗಡಿಯ ಸುನ್ನಿ ಪ್ರಜೆಗಳು ತಮ್ಮನ್ನು ಪರಕೀಯರೆಂದು ಭಾವಿಸತೊಡಗಿದರು. ಗಿಲ್ಜಿಗಳೂ ಸುನ್ನಿಗಳೇ.

ಈ ಹೊತ್ತಿನಲ್ಲಿ ಕಂದಹಾರಕ್ಕೆ ಅಧಿಕಾರಿಯಾಗಿ ಬಂದವನು ಗುರ್ಗೀನ್ ಖಾನ್, ಇಸ್ಲಾಂ ಸ್ವೀಕರಿಸಿದ್ದ ಜಾರ್ಜಿಯಾದ ರಾಜ. ಊರನ್ನು ಕಾಯಲು ಬಂದವನ ಸೈನಿಕರೇ ಊರನ್ನು ಸುಲಿಯತೊಡಗಿದರು; ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಗಿಲ್ಜಿಗಳ ಮುಖಂಡ ಮೀರ್ ವೈಸ್ ಹೋತಕನ ಮೇಲೆ ಅನುಮಾನ ಬಂದು ಗುರ್ಗೀನ್ ಅವನನ್ನು ಸೆರೆಹಿಡಿದು ಇಸ್ಫಹಾನಿಗೆ ಕಳುಹಿಸಿದ. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಬಂದಿಯಾಗಿ ಹೋದವನು ಆಸ್ಥಾನದ ಒಳಗುಟ್ಟನ್ನೆಲ್ಲ ಕಣ್ಣಾರೆ ಕಂಡ. ಯಾರಿಗೆ ಯಾರ ಮೇಲೆ ಹೊಟ್ಟೆಕಿಚ್ಚು, ಯಾರಿಗೆ ಎಷ್ಟು ಕಾಣಿಕೆ ಸಾಕು ಎಂಬುದನ್ನು ಲೆಕ್ಕ ಹಾಕಿದ. ಷಾನ ವಿಶ್ವಾಸ ಗಳಿಸಿ ಮೆಕ್ಕಾ ಯಾತ್ರೆಗೆ ಅನುಮತಿ ಪಡೆದ. ಅಲ್ಲಿ ಶಿಯಾ ದೊರೆಯ ವಿರುದ್ಧ ದಂಗೆಯೇಳುವುದು ಧರ್ಮಸಮ್ಮತ ಎಂಬ ಫತ್ವಾ ಬರೆಸಿಕೊಂಡು, ಮರ್ಯಾದೆ ಸಹಿತ ಕಂದಹಾರಕ್ಕೆ ಮರಳಿದ. 1709ರಲ್ಲಿ ಗುರ್ಗೀನನನ್ನು ಕೊಂದು ಊರನ್ನು ವಶಪಡಿಸಿಕೊಂಡ. ಸೇಡು ತೀರಿಸಲು ಬಂದ ಗುರ್ಗೀನನ ತಮ್ಮನ ಮಗನೂ 1711ರಲ್ಲಿ ಸೋತು ಸತ್ತ.

ಮೀರ್ ವೈಸ್ 1715ರಲ್ಲಿ ತೀರಿಕೊಂಡ. ಅವನ ತಮ್ಮ ಪರ್ಷಿಯಾದ ಜೊತೆ ರಾಜಿಗೆ ಹೊರಟಾಗ, ಮೀರ್ ವೈಸನ ಮಗ ಮಹಮೂದ್ ಚಿಕ್ಕಪ್ಪನನ್ನೇ ಕೊಂದು ನಾಯಕನಾದ.

ಇಸ್ಫಹಾನಿನಲ್ಲಿ ಅಪಾಯವನ್ನು ಗ್ರಹಿಸಿದವರೇ ಇರಲಿಲ್ಲವೆಂದಲ್ಲ. ಪ್ರಧಾನ ವಜೀರ ಫತ್ ಅಲಿ ಖಾನ್ ಕಂದಹಾರದ ಮೇಲೆ ದಂಡೆತ್ತಬೇಕೆಂದು ಪಟ್ಟು ಹಿಡಿದಿದ್ದ. ಅವನ ಬಂಧು ಲುತ್ಫ್ ಅಲಿ ಖಾನ್ ದಕ್ಷಿಣದಲ್ಲಿ ಸೇನೆ ಜಮಾಯಿಸುತ್ತಿದ್ದ. ಆದರೆ ವಜೀರ ಸುನ್ನಿ, ದಾಗೆಸ್ತಾನದವನು. 1720ರ ಕೊನೆಯಲ್ಲಿ ಆಸ್ಥಾನ ವೈದ್ಯನೂ ಮುಖ್ಯ ಮುಲ್ಲಾನೂ ಸೇರಿ, ಇವನು ಷಾನನ್ನು ಕೊಲ್ಲಲು ಸಂಚು ಹೂಡಿದ್ದಾನೆಂದು ಕಿವಿಯೂದಿದರು. ಷಾ ನಂಬಿದ. ವಜೀರನ ಕಣ್ಣು ಕೀಳಿಸಿದ, ಲುತ್ಫ್ ಅಲಿ ಸೆರೆಯಾದ, ದಂಡು ಚದುರಿಹೋಯಿತು. ನನ್ನ ಮಟ್ಟಿಗೆ ಪರ್ಷಿಯಾ ಸೋತದ್ದು ಅಂದೇ. ಉಳಿದದ್ದು ಲೆಕ್ಕ ಚುಕ್ತಾ ಮಾಡುವ ಕೆಲಸ.

ಮರುವರ್ಷ ಮಹಮೂದ್ ಮರುಭೂಮಿ ದಾಟಿ ಬಂದ. ಕೆರ್ಮಾನ್ ಕೋಟೆ ಬಗ್ಗಲಿಲ್ಲ, ಯಜ್ದ್ ಕೂಡ ಬಾಗಿಲು ತೆರೆಯಲಿಲ್ಲ. ಎರಡನ್ನೂ ಬಿಟ್ಟು ನೇರ ರಾಜಧಾನಿಯತ್ತ ನಡೆದ. 1722ರ ಮಾರ್ಚ್ 8ರಂದು ಇಸ್ಫಹಾನಿಗೆ ಸುಮಾರು 30 ಕಿಲೋಮೀಟರ್ ದೂರದ ಗುಲ್ನಾಬಾದ್ ಎಂಬ ಹಳ್ಳಿಯ ಬಳಿ ಎರಡು ಸೇನೆಗಳು ಎದುರಾದವು. ಷಾನ ಕಡೆ ಸುಮಾರು 40,000 ಜನ, 24 ಫಿರಂಗಿ, ಅವನ್ನು ನೋಡಿಕೊಳ್ಳಲು ಒಬ್ಬ ಫ್ರೆಂಚ್ ಗೋಲಂದಾಜ. ಮಹಮೂದನ ಬಳಿ ಅದರ ಅರ್ಧದಷ್ಟೂ ಜನ ಇರಲಿಲ್ಲವೆಂಬುದು ಸಾಮಾನ್ಯ ಅಂದಾಜು. ಆದರೆ ಷಾನ ಸೇನೆಗೆ ತಲೆಗಳು ಎರಡು: ಹೊಸ ವಜೀರ ಒಂದು ಕಡೆ, ಅರಬ್ ಸರದಾರ ಸಯ್ಯದ್ ಅಬ್ದುಲ್ಲಾ ಇನ್ನೊಂದು ಕಡೆ. ಯುದ್ಧ ಕಾವೇರಿದಾಗ ಸಯ್ಯದನ ಸವಾರರು ಶತ್ರುವಿನ ಬೆನ್ನಿಗೆ ಹೋದರು. ಹೋದವರು ಅಲ್ಲಿ ಸಿಕ್ಕ ಅಫ್ಘನ್ನರ ಬಿಡಾರವನ್ನು ದೋಚುತ್ತ ಕುಳಿತರು! ಅತ್ತ ಅಫ್ಘನ್ ಸೇನಾನಿ ಅಮಾನುಲ್ಲಾನ ಪಡೆ ಸೋತಂತೆ ಹಿಂದೆ ಸರಿದು ಎರಡು ಪಾಲಾಗಿ ಒಡೆಯಿತು. ಅದರ ಹಿಂದೆ ಸುಮಾರು ನೂರು ಒಂಟೆಗಳು ಮಂಡಿಯೂರಿ ಕುಳಿತಿದ್ದವು, ಪ್ರತಿಯೊಂದರ ಬೆನ್ನ ಮೇಲೂ ಸುತ್ತ ತಿರುಗಿಸಬಲ್ಲ ಸಣ್ಣ ತೋಪು. ಜಂಬೂರಕ್ ಎಂದು ಅದರ ಹೆಸರು. ಕಣಜದ ಹುಳು ಎಂಬ ಅರ್ಥದ ಮಾತಿನಿಂದ ಬಂದದ್ದು. ಅಟ್ಟಿಸಿಕೊಂಡು ಬಂದ ಪರ್ಷಿಯನ್ ಸವಾರರು ಅದರ ಬಾಯಿಗೇ ಬಿದ್ದರು. 24 ಫಿರಂಗಿಗಳೂ ಅಫ್ಘನ್ನರ ಕೈ ಸೇರಿದವು, ಗೋಲಂದಾಜ ಸತ್ತ.

ನಗರ ಮಾತ್ರ ಇನ್ನೂ ಭದ್ರವಾಗಿತ್ತು. ಮಹಮೂದ್ ಗೋಡೆಗೆ ತಲೆ ಚಚ್ಚಿಕೊಳ್ಳಲಿಲ್ಲ. ಷಾ ಅಕ್ಕರೆಯಿಂದ ಕಟ್ಟಿಸಿದ್ದ ಫರಾಹಾಬಾದ್ ಅರಮನೆ ಗೋಡೆಯ ಹೊರಗಿತ್ತು, ಅದರಲ್ಲಿ ಬಿಡಾರ ಹೂಡಿದ. ಊರ ಹೊರಗಿನ ಅರ್ಮೇನಿಯನ್ ವ್ಯಾಪಾರಿಗಳ ಬಡಾವಣೆ ಜುಲ್ಫಾವನ್ನು ಹಿಂಡಿ ಹಣ ತೆಗೆದ. ದಾರಿಗಳನ್ನು ಮುಚ್ಚಿ ಕಾದು ಕುಳಿತ. ಹೊರಗಿನಿಂದ ನೆರವು ಬರಬೇಕಿತ್ತು. ಷಾನ ಅಧೀನದಲ್ಲಿದ್ದ ಜಾರ್ಜಿಯಾದ ದೊರೆ ವಖ್ತಾಂಗ್ ಬರಲೊಪ್ಪಲಿಲ್ಲ. ತಾನು ಕಾಕಸಸ್ ಬೆಟ್ಟಗಳ ಲೆಜ್ಗಿ ಜನರ ಮೇಲೆ ದಂಡೆತ್ತಿದ್ದಾಗ ನಡುವೆಯೇ ನಿಲ್ಲಿಸಲು ಷಾ ಆಜ್ಞಾಪಿಸಿದ್ದನ್ನು ಅವನು ಮರೆತಿರಲಿಲ್ಲ. ರಾಜಕುಮಾರ ತಹಮಾಸ್ಪ್ ದಂಡು ತರುತ್ತೇನೆಂದು ರಾತ್ರೋರಾತ್ರಿ ನುಸುಳಿ ಕಜ್ವೀನ್ ಸೇರಿದ. ದಂಡು ಬರಲೇ ಇಲ್ಲ.

ಒಳಗೆ ಜನ ಮೊದಲು ಕುದುರೆ, ಕತ್ತೆಗಳನ್ನು ತಿಂದರು. ಆಮೇಲೆ ನಾಯಿ, ಬೆಕ್ಕು, ಮರದ ತೊಗಟೆ, ಹಳೆಯ ಚಪ್ಪಲಿಯ ತೊಗಲು. ಕೊನೆಗೆ ಹೆಣಗಳನ್ನೂ ಬಿಡಲಿಲ್ಲ ಎಂದು ಆಗ ಅಲ್ಲಿದ್ದವರು ಬರೆದಿಟ್ಟಿದ್ದಾರೆ. ಹಸಿವು ಮತ್ತು ರೋಗದಿಂದ ಸತ್ತವರು 80,000 ಎಂಬ ಅಂಕಿ ಹೆಚ್ಚಾಗಿ ಕಾಣಸಿಗುತ್ತದೆ. ಎದುರಿಗೆ ನಿಂತು ಹೋರಾಡಿ ಸತ್ತವರು ಅದಕ್ಕಿಂತ ತುಂಬ ಕಡಿಮೆ. 1722ರ ಅಕ್ಟೋಬರ್ 23ರಂದು ಸುಲ್ತಾನ್ ಹುಸೇನ್ ಕುದುರೆಯೇರಿ ಫರಾಹಾಬಾದಿಗೆ ಹೋದ. ತಾನೇ ಕಟ್ಟಿಸಿದ ಅರಮನೆಯಲ್ಲಿ, ತನ್ನ ಕೈಯಾರೆ, ಮಹಮೂದನ ಮುಂಡಾಸಿಗೆ ರಾಜಚಿಹ್ನೆಯ ತುರಾಯಿ ಸಿಕ್ಕಿಸಿದ.

ಗೆದ್ದವರ ಆಳ್ವಿಕೆ ಏಳು ವರ್ಷವಷ್ಟೇ ನಡೆಯಿತು. ಮಹಮೂದನ ಬುದ್ಧಿ ಕೆಟ್ಟಿತು. 1725ರಲ್ಲಿ ಸೆರೆಯಲ್ಲಿದ್ದ ಸಫವಿ ರಾಜಕುಮಾರರನ್ನು ಕೊಚ್ಚಿ ಹಾಕಿಸಿದ, ಕೆಲವೇ ವಾರಗಳಲ್ಲಿ ದಾಯಾದಿ ಅಶ್ರಫನಿಗೆ ಬಲಿಯಾದ. 1729ರಲ್ಲಿ ತಹಮಾಸ್ಪನ ಸೇನಾಪತಿ ನಾದಿರ್ ಅಶ್ರಫನನ್ನು ಸೋಲಿಸಿ ಇಸ್ಫಹಾನನ್ನು ಮರಳಿ ಪಡೆದ. ಷಾ ಆದ ಮೇಲೆ 1738ರಲ್ಲಿ ಕಂದಹಾರವನ್ನೂ ಕೆಡವಿದ. ಅಲ್ಲಿಂದ ಕಾಬೂಲ್ ಹಾದು ಮುಂದಿನ ವರ್ಷ ದೆಹಲಿಗೆ ಬಂದ ನಾದಿರ್ ಷಾ ಇವನೇ.

ಗಿಲ್ಜಿಗಳನ್ನು ಹತ್ತಿಕ್ಕಲು ನಾದಿರ್ ಅವರ ಹಳೆಯ ಎದುರಾಳಿಗಳಾದ ಅಬ್ದಾಲಿಗಳನ್ನು ತನ್ನ ಸೇನೆಗೆ ಸೇರಿಸಿಕೊಂಡಿದ್ದ. 1747ರಲ್ಲಿ ಅವನ ಕೊಲೆಯಾದ ಮೇಲೆ ಆ ಅಬ್ದಾಲಿ ಸವಾರರ ನಾಯಕ ಅಹಮದ್ ಕಂದಹಾರಕ್ಕೆ ಮರಳಿ ದೊರೆಯಾದ. 1761ರಲ್ಲಿ ಪಾಣಿಪತ್ತಿನಲ್ಲಿ ಮರಾಠರನ್ನು ಸೋಲಿಸಿದವನೂ ಅವನೇ. ಅದಕ್ಕೂ ಮೊದಲು ಅವನು ಪರ್ಷಿಯಾದ ಮಶ್ಹದಿನ ಮೇಲೆ ದಂಡೆತ್ತಿ ಹೋಗಿದ್ದ. ಆ ನಗರವನ್ನು ಆಳುತ್ತಿದ್ದವನು ಶಾಹ್ರುಖ್, ಶತ್ರುಗಳು ಕಣ್ಣು ಕಿತ್ತಿದ್ದ ನಾದಿರನ ಮೊಮ್ಮಗ. ಅಹಮದ್ ಅವನನ್ನು ಇಳಿಸಲಿಲ್ಲ. ತನ್ನ ಅಧೀನದಲ್ಲಿ ಆಳಿಕೊಂಡಿರಲು ಬಿಟ್ಟು ಹಿಂದಿರುಗಿದ.