ಒಂದಿಂಚಿನ ಸೈನಿಕನಿಗೆ ಬಣ್ಣ: ಮೊದಲು ನೆರಳು, ಆಮೇಲೆ ಉಳಿದದ್ದು

ಮೇಜಿನ ಮೇಲೆ ಆಡುವ ಯುದ್ಧದಾಟದ ಗೊಂಬೆಗಳಲ್ಲಿ 28 ಮಿ.ಮೀ. ಅಳತೆಯವೇ ಜಾಸ್ತಿ. ಅಂದರೆ ಸೈನಿಕನ ಎತ್ತರ ಒಂದಿಂಚಿಗಿಂತ ಸ್ವಲ್ಪ ಮೇಲೆ. ಇಷ್ಟು ಸಣ್ಣ ಮುಖದಲ್ಲಿ ಮೂಗಿನ ನೆರಳು ತಾನಾಗಿ ಬಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ನೆರಳನ್ನೂ ಬೆಳಕನ್ನೂ ನಾವೇ ಬಣ್ಣದಲ್ಲಿ ಬರೆಯಬೇಕು. ಕಲಿಯಬೇಕಾದ ಮುಖ್ಯ ಪಾಠ ಇದೇ.

ಕುಂಬಳೆ, ಬದಿಯಡ್ಕ ಕಡೆ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಇದು ಬೇಗ ಹಿಡಿಯುತ್ತದೆ. ತೆಂಕುತಿಟ್ಟು ಅಂದರೆ ತೆಂಕಣ ಶೈಲಿಯ ಯಕ್ಷಗಾನ. ಅದರ ರಾಕ್ಷಸ ಪಾತ್ರದ ಬಣ್ಣದ ವೇಷವನ್ನು ಚೌಕಿಯಲ್ಲಿ (ವೇಷ ಕಟ್ಟುವ ಕೋಣೆಯಲ್ಲಿ) ಹತ್ತಿರದಿಂದ ನೋಡಿದರೆ ಮುಖದ ಬಿಳಿ ಹಿಟ್ಟಿನ ಚುಟ್ಟಿ, ಕಪ್ಪು ಗೆರೆ ಎಲ್ಲ ಅತಿಯಾಯ್ತು ಅನಿಸುತ್ತದೆ. ಆದರೆ ಅದು ಕೊನೆಯ ಸಾಲಿನವನಿಗೆ ಬರೆದ ಮುಖ. ಗೊಂಬೆಗೂ ಅದೇ ಲೆಕ್ಕ. ಮೇಜಿನ ಆಚೆ ಬದಿಯ ಎದುರಾಳಿಗೆ ಕಾಣುವಂತೆ ಬಣ್ಣ ಹಾಕಿ.

ನೆರಳಿಗೆ ಸುಲಭ ದಾರಿ ಜೆನಿತಲ್ ಪ್ರೈಮಿಂಗ್. ಇಡೀ ಗೊಂಬೆಗೆ ಕಪ್ಪು ಪ್ರೈಮರ್, ಅಂದರೆ ಮೇಲಿನ ಬಣ್ಣ ಹಿಡಿಯಲು ಮೊದಲು ಹಾಕುವ ಅಡಿಬಣ್ಣ. ಒಣಗಿದ ಮೇಲೆ, ಮೇಲಿನಿಂದ ಮಾತ್ರ ಬಿಳಿ ಸ್ಪ್ರೇ. ಭುಜ, ನೆತ್ತಿ ಬೆಳ್ಳಗಾಗುತ್ತವೆ, ಕಂಕುಳು ಕಪ್ಪಾಗಿಯೇ ಉಳಿಯುತ್ತದೆ. ಆಗಲೇ ಒಂದು ಫೋಟೊ ತೆಗೆದಿಡಿ. ಮುಂದೆ ಎಲ್ಲಿ ಗಾಢ, ಎಲ್ಲಿ ತಿಳಿ ಎಂದು ಗೊಂದಲವಾದಾಗ ಬೇಕಾಗುತ್ತದೆ.

ತೊಂದರೆ ಇರುವುದು ನಮ್ಮ ಕಾಸರಗೋಡಿನ ಮಳೆಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಆಗ ಸ್ಪ್ರೇ ಮಾಡಿದರೆ ಪ್ರೈಮರ್ ತರಿತರಿಯಾಗಬಹುದು, ವಾರ್ನಿಷ್ ಬಿಳಚಿಕೊಳ್ಳಬಹುದು. ಬಿಸಿಲು ಬಂತು ಅಂತ ಸುಮ್ನೆ ಅಂಗಳಕ್ಕೆ ಓಡಬೇಡಿ, ತೇವ ಅಷ್ಟು ಬೇಗ ಇಳಿಯುವುದಿಲ್ಲ. ಬ್ರಷ್‌ನಲ್ಲಿ ಹಚ್ಚುವ ಕಪ್ಪು ಪ್ರೈಮರ್ ತಗೊಳ್ಳಿ, ಬಿಳಿಯನ್ನು ಡ್ರೈ ಬ್ರಷ್ ಮಾಡಿ.

ಡ್ರೈ ಬ್ರಷ್ ಅಂದರೆ ಹೀಗೆ: ಮೆತ್ತನೆಯ, ದಪ್ಪ ಬ್ರಷ್ಷಿನ ತುದಿಗೆ ಬಣ್ಣ ಮುಟ್ಟಿಸಿ, ಹಳೇ ಬಟ್ಟೆಗೆ ಒರೆಸುತ್ತಾ ಹೋಗಿ. ಬಟ್ಟೆಯ ಮೇಲೆ ಗುರುತು ಬೀಳುವುದು ಹೆಚ್ಚುಕಡಿಮೆ ನಿಂತಾಗ, ಗೊಂಬೆಯ ಮೇಲೆ ಮೇಲಿಂದ ಕೆಳಕ್ಕೆ ಹಗುರಾಗಿ ಆಡಿಸಿ. ಉಬ್ಬಿದ ಅಂಚುಗಳಷ್ಟೇ ಬಣ್ಣ ಹಿಡಿಯುತ್ತವೆ. ಮೊದಲು ಬೂದು, ಆಮೇಲೆ ಬಿಳಿ. ಮೇಕಪ್ ಬ್ರಷ್ ಇದಕ್ಕೆ ಬಹಳ ಚೆನ್ನ. ಮನೆಯಲ್ಲಿ ಕೇಳಿ ತಗೊಳ್ಳಿ ಅಷ್ಟೇ!

ಇದರ ಮೇಲೆ ಪಾರದರ್ಶಕ ಬಣ್ಣ. ಗೊಂಬೆಗಳಿಗೆಂದೇ ಬಣ್ಣ ಮಾಡುವ ಸಿಟಾಡೆಲ್‌ನವರು 2019ರಲ್ಲಿ ತಂದ ಕಾಂಟ್ರಾಸ್ಟ್ ಬಣ್ಣಗಳು ಈ ಜಾತಿಯವು. ತಗ್ಗಿಗೆ ಇಳಿದು ಗಾಢವಾಗುತ್ತವೆ, ಉಬ್ಬಿನ ಮೇಲೆ ತೆಳುವಾಗಿ ನಿಲ್ಲುತ್ತವೆ, ಅಡಿಯ ಕಪ್ಪು ಬಿಳುಪು ಕಾಣಿಸುತ್ತದೆ. ಎಲ್ಲಾದರೂ ಮಡುಗಟ್ಟಿದರೆ ಒಣಗುವ ಮೊದಲೇ ತುಸು ತೇವದ ಬ್ರಷ್‌ನಿಂದ ಹೀರಿ ತೆಗೆಯಿರಿ. ಅರ್ಧ ಒಣಗಿದ್ದನ್ನು ಮುಟ್ಟಿದರೆ ಕಲೆ ಉಳಿಯುತ್ತದೆ. ಮಳೆಗಾಲದಲ್ಲಿ ಒಣಗುವುದೂ ನಿಧಾನ, ಅವಸರ ಬೇಡ.

ಮಾಮೂಲಿ ಅಕ್ರಿಲಿಕ್ ಆದರೆ ನೀರು ಬೆರೆಸಿ ಎರಡು ತೆಳು ಕೋಟ್. ದಪ್ಪ ಬಳಿದರೆ ಅಚ್ಚಿನ ಸೂಕ್ಷ್ಮ ಗೆರೆಗಳೇ ಮುಚ್ಚಿಹೋಗುತ್ತವೆ, ಅಲ್ವಾ? ಬಣ್ಣ ಬೇಗ ಒಣಗದಂತೆ ಇಡುವ ವೆಟ್ ಪ್ಯಾಲೆಟ್ಟನ್ನು ದುಡ್ಡು ಕೊಟ್ಟು ತರಬೇಕಿಲ್ಲ: ಮುಚ್ಚಳದ ಡಬ್ಬಿ, ಒದ್ದೆ ಟಿಶ್ಯೂ, ಮೇಲೊಂದು ಬೇಕಿಂಗ್ ಪೇಪರ್. ಟಿಶ್ಯೂ ಆಗಾಗ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಗೊಂಬೆ ನಿಲ್ಲುವ ಬೇಸ್‌ಗೆ ಮಣ್ಣು ಕೊಳ್ಳುವುದು ನನಗೆ ದಂಡ ಅನಿಸುತ್ತದೆ. ಮುರಕಲ್ಲಿನ (ಕೆಂಪು ಕಲ್ಲಿನ) ಪುಡಿ ಮನೆ ಸುತ್ತಲೇ ಇದೆ. ಜರಡಿ ಹಿಡಿದು, ಬಾಣಲೆಯಲ್ಲಿ ಬಿಸಿ ಮಾಡಿ ಪೂರ್ತಿ ಒಣಗಿಸಿ. ಬೇಸ್‌ಗೆ ಫೆವಿಕಾಲ್ ಸವರಿ ಉದುರಿಸಿ. ಒಣಗಿದ ಮೇಲೆ ಕಂದು ವಾಶ್ (ನೀರಾದ ತೆಳು ಬಣ್ಣ) ಕೊಟ್ಟು, ತಿಳಿ ಕಿತ್ತಳೆಯಲ್ಲಿ ಒಮ್ಮೆ ಡ್ರೈ ಬ್ರಷ್. ನಿಜವಾದ ಮಣ್ಣೇ ಆದರೂ ಈ ಅಳತೆಯಲ್ಲಿ ಅದಕ್ಕೂ ನೆರಳು ನಾವೇ ಕೊಡಬೇಕು.