ಔಷಧಿ ಹೊಡೆದ್ರೂ ಟೊಮೆಟೊ ಎಲೆ ಮೇಲಿನ ಚುಕ್ಕೆ ಯಾಕೆ ಹೋಗ್ತಿಲ್ಲ?

ಪ್ರಶ್ನೆ: ಬಯಲಲ್ಲಿ ಹಾಕಿರೋ ಟೊಮೆಟೊ ಗಿಡಗಳು, ಈಗಷ್ಟೇ ಕಾಯಿ ಕಚ್ಚೋಕೆ ಶುರು ಮಾಡಿವೆ. ನಾಲ್ಕು ದಿನ ಬಿಡದೆ ಮಳೆ ಬಂತು, ಆಮೇಲೆ ಕೆಳಗಿನ ಎಲೆಗಳ ತುಂಬ ಸಣ್ಣ ಸಣ್ಣ ಕಂದು ಚುಕ್ಕೆ ಎದ್ದು, ಎಲೆ ಹಳದಿಯಾಗಿ ಒಣಗಿ ಉದುರ್ತಿದೆ. ಎರಡು ಸಲ ಶಿಲೀಂಧ್ರನಾಶಕ ಹೊಡೆದೆ, ಚುಕ್ಕೆ ಹಾಗೇ ಇದೆ. ಗಿಡ ಕಿತ್ತು ಹಾಕ್ಲಾ?

ಉತ್ತರ: ಈಗ್ಲೇ ಕೀಳ್ಬೇಡಿ. ಒಂದು ವಿಷಯ ಮೊದ್ಲೇ ಹೇಳ್ಬಿಡ್ತೀನಿ, ಇದು ಗೊತ್ತಿಲ್ದೆ ಎಷ್ಟೋ ಜನ ಔಷಧಿ ಮೇಲೆ ಔಷಧಿ ಹೊಡೆದು ಸುಸ್ತಾಗ್ತಾರೆ: ಒಂದ್ಸಲ ಬಂದ ಚುಕ್ಕೆ ಯಾವ ಔಷಧಿಯಿಂದಲೂ ಹೋಗಲ್ಲ. ಚುಕ್ಕೆ ಅಂದ್ರೆ ಆ ಜಾಗದಲ್ಲಿ ಎಲೆ ಸತ್ತಿದೆ ಅಂತ ಅರ್ಥ, ಸತ್ತಿದ್ದು ತಿರುಗಿ ಹಸಿರಾಗೋದಿಲ್ಲ, ಹಾಗಾಗಿ ನೀವು ಹೊಡೆದಿದ್ದು ಕೆಲಸ ಮಾಡ್ತಿದ್ಯಾ ಅಂತ ತಿಳ್ಕೊಳ್ಳೋಕೆ ಹಳೇ ಚುಕ್ಕೆ ನೋಡ್ತಾ ಕೂತ್ರೆ ಏನೂ ಗೊತ್ತಾಗಲ್ಲ. ಮೇಲೆ ಬರ್ತಿರೋ ಎಲೆ ನೋಡಿ. ಅವು ಚುಕ್ಕೆ ಇಲ್ದೆ ಬಿಚ್ಕೊಳ್ತಿದ್ರೆ ನೀವು ಗೆಲ್ತಾ ಇದ್ದೀರ.

ಈಗ ಇದು ಯಾವ ಚುಕ್ಕೆ ಅಂತ ನೋಡೋಣ. ಒಂದು ಎಲೆ ಕಿತ್ತು ಬೆಳಕಲ್ಲಿ ಹಿಡೀರಿ, ಭೂತಗನ್ನಡಿ ಇಲ್ಲಾಂದ್ರೆ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿದ್ರೂ ಸಾಕು. ಚುಕ್ಕೆ ಎರಡು ಮೂರು ಮಿಲಿಮೀಟರ್ ಅಗಲ, ದುಂಡಗೆ, ಅಂಚು ಕಡು ಕಂದು, ನಡುವೆ ಬೂದಿ ಬಣ್ಣ, ಆ ಬೂದಿ ಜಾಗದಲ್ಲಿ ಮೆಣಸಿನ ಪುಡಿ ಉದುರಿಸಿದ ಹಾಗೆ ಕಪ್ಪು ಕಪ್ಪು ಚುಕ್ಕಿ ಕಾಣ್ತಿದ್ರೆ ಅದು ಸೆಪ್ಟೋರಿಯಾ ಎಲೆಚುಕ್ಕೆ. ಆ ಕಪ್ಪು ಚುಕ್ಕಿಗಳೇ ಶಿಲೀಂಧ್ರದ ಬೀಜಕಣ ತುಂಬಿರೋ ಗೂಡುಗಳು. ನೀವು ಬರೆದಿರೋದು ನೋಡಿದ್ರೆ, ಅಂದ್ರೆ ಸಣ್ಣ ಚುಕ್ಕೆ, ಸಂಖ್ಯೆ ಜಾಸ್ತಿ, ಕೆಳಗಿನಿಂದ ಶುರು, ಕಾಯಿ ಕಚ್ಚೋ ಟೈಮು, ನನಗೆ ಇದೇ ಅನಿಸ್ತಿದೆ. ಚುಕ್ಕೆ ಇನ್ನೂ ದೊಡ್ಡದಿದ್ದು, ಒಳಗೆ ಒಂದರೊಳಗೊಂದು ಬಳೆ ಇಟ್ಟ ಹಾಗೆ ಉಂಗುರ ಉಂಗುರ ಕಂಡು, ಸುತ್ತ ಹಳದಿ ಇದ್ರೆ ಅದು ಆಲ್ಟರ್ನೇರಿಯಾ ಶಿಲೀಂಧ್ರದ್ದು, ಅರ್ಲಿ ಬ್ಲೈಟ್ ಅಂತಾರಲ್ಲ ಅದು, ಅದು ಕಾಯಿಗೂ ಬಂದು ತೊಟ್ಟಿನ ಹತ್ರ ಕಪ್ಪಗೆ ತಗ್ಗು ಬೀಳುತ್ತೆ. ಸೆಪ್ಟೋರಿಯಾ ಕಾಯಿಗೆ ಬರೋದು ತೀರಾ ಕಮ್ಮಿ. ಇವೆರಡಕ್ಕೂ ಮಾಡೋ ಉಪಾಯ ಹೆಚ್ಚುಕಮ್ಮಿ ಒಂದೇ, ಅದಕ್ಕೆ ಎರಡರ ಮಧ್ಯೆ ಗೊಂದಲ ಆದ್ರೆ ತಲೆ ಕೆಡಿಸ್ಕೋಬೇಡಿ.

ಆದ್ರೆ ಬ್ಯಾಕ್ಟೀರಿಯಾ ಚುಕ್ಕೆ ಬೇರೆ. ಅದು ಸಣ್ಣದಾಗಿ, ಕಪ್ಪಗೆ, ಎಣ್ಣೆ ತಾಗಿದ ಹಾಗೆ ಒದ್ದೆ ಒದ್ದೆಯಾಗಿ ಕಾಣುತ್ತೆ, ನಡುವೆ ಆ ಕಪ್ಪು ಗೂಡುಗಳು ಇರಲ್ಲ, ಕಾಯಿ ಮೇಲೆ ಕಜ್ಜಿ ತರ ಉಬ್ಬು ಬರುತ್ತೆ. ಅದಕ್ಕೆ ಮ್ಯಾಂಕೋಜೆಬ್ ತರದ ಶಿಲೀಂಧ್ರನಾಶಕ ಒಂದನ್ನೇ ಎಷ್ಟು ಹೊಡೆದ್ರೂ ಉಪಯೋಗ ಇಲ್ಲ, ತಾಮ್ರದ ಔಷಧಿ ಸ್ವಲ್ಪ ತಡೆಯುತ್ತೆ ಅಷ್ಟೆ. ಇನ್ನು ಚುಕ್ಕೆಯೇ ಇಲ್ದೆ ಕೆಳಗಿನ ಎಲೆಯ ನರಗಳು ಹಸಿರಾಗಿ, ನರಗಳ ಮಧ್ಯೆ ಹಳದಿ ಆಗ್ತಿದ್ರೆ ಅದು ರೋಗ ಅಲ್ಲ, ಮೆಗ್ನೀಷಿಯಂ ಕೊರತೆ ಇರಬಹುದು.

ಚುಕ್ಕೆ ಯಾಕೆ ಯಾವಾಗ್ಲೂ ಕೆಳಗಿಂದಲೇ ಶುರುವಾಗುತ್ತೆ ಅನ್ನೋದು ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. ಈ ಶಿಲೀಂಧ್ರ ಹೋದ ಬೆಳೆಯ ಒಣಗಿದ ಎಲೆ, ಕಾಂಡದ ಚೂರುಗಳಲ್ಲಿ ಮಣ್ಣಿನ ಮೇಲೆ ಕೂತಿರುತ್ತೆ. ಮಳೆ ಹನಿ ಜೋರಾಗಿ ಬಿದ್ದಾಗ ಮಣ್ಣು ಸಿಡಿಯುತ್ತಲ್ಲ, ಆ ಸಿಡಿಯೋ ನೀರಿನ ಜೊತೆ ಬೀಜಕಣ ಹಾರಿ ಮೊದಲ ಎಲೆಗೆ ಅಂಟುತ್ತೆ. ಅಂಟಿದ ಮಾತ್ರಕ್ಕೆ ರೋಗ ಬರಲ್ಲ, ಎಲೆ ತುಂಬಾ ಹೊತ್ತು ಒದ್ದೆಯಾಗೇ ಇರಬೇಕು, 20ರಿಂದ 25 ಡಿಗ್ರಿ ಸೆಲ್ಸಿಯಸ್ ಹವೆ ಇರಬೇಕು, ಆಗ ಬೀಜಕಣ ಮೊಳೆತು ಒಳಗೆ ನುಗ್ಗುತ್ತೆ. ಸುಮಾರು ಒಂದು ವಾರಕ್ಕೆ ಚುಕ್ಕೆ ಕಾಣುತ್ತೆ, ಇನ್ನೊಂದು ವಾರ ಹತ್ತು ದಿನಕ್ಕೆ ಅದೇ ಚುಕ್ಕೆಯಲ್ಲಿ ಹೊಸ ಬೀಜಕಣ ರೆಡಿ, ಮುಂದಿನ ಮಳೆಗೆ ಅದು ಮೇಲಿನ ಎಲೆಗೆ ಹತ್ತುತ್ತೆ. ಹೀಗೆ ಮೆಟ್ಟಿಲು ಹತ್ತಿದ ಹಾಗೆ ಮೇಲಕ್ಕೆ ಹೋಗೋದು. ನೀವು ಎರಡನೇ ಸಲ ಸ್ಪ್ರೇ ಮಾಡಿದ ಮೇಲೂ ಕೆಲವು ಹೊಸ ಚುಕ್ಕೆ ಬಂದಿದ್ರೆ ಗಾಬರಿ ಆಗ್ಬೇಡಿ, ಅವು ಸ್ಪ್ರೇಗೆ ಮುಂಚೆಯೇ ಒಳಗೆ ಸೇರ್ಕೊಂಡಿದ್ದು, ಈಗ ಹೊರಗೆ ಕಾಣ್ತಿವೆ ಅಷ್ಟೆ.

ಹಾಗಾದ್ರೆ ಇವತ್ತು ಮಾಡಬೇಕಾಗಿದ್ದು ಏನಂದ್ರೆ, ಎಲೆಗಳು ಪೂರ್ತಿ ಒಣಗಿರೋ ಹೊತ್ತಲ್ಲಿ ಹೋಗಿ ಚುಕ್ಕೆ ಬಿದ್ದ ಎಲೆಗಳನ್ನ ತೊಟ್ಟಿನ ಸಮೇತ ಕತ್ತರಿಸಿ. ಒದ್ದೆ ಗಿಡ ಮುಟ್ಟಬೇಡಿ ದಯವಿಟ್ಟು, ನಿಮ್ಮ ಕೈಯೇ ರೋಗ ಹೊತ್ಕೊಂಡು ಪಕ್ಕದ ಗಿಡಕ್ಕೆ ಹೋಗುತ್ತೆ. ಮಣ್ಣಿಗೆ ತಾಗ್ತಿರೋ ಎಲೆಗಳನ್ನೂ ತೆಗೀರಿ, ಗಿಡ ಎತ್ತರ ಇದ್ರೆ ಕೆಳಗೆ ಒಂದಡಿ ಕಾಂಡ ಬರಿದಾಗಿದ್ರೂ ತೊಂದ್ರೆ ಇಲ್ಲ. ಆದ್ರೆ ಒಂದೇ ದಿನ ಗಿಡದ ಮೂರರಲ್ಲಿ ಒಂದು ಪಾಲಿಗಿಂತ ಜಾಸ್ತಿ ಎಲೆ ತೆಗೀಬೇಡಿ. ನಾನು ಒಂದ್ಸಲ ಸಿಟ್ಟಲ್ಲಿ ಚುಕ್ಕೆ ಕಂಡ ಎಲೆನೆಲ್ಲಾ ಬೋಳಿಸಿಬಿಟ್ಟೆ, ನೆರಳಿಲ್ದೆ ಕಾಯಿಗಳೆಲ್ಲ ಬಿಸಿಲಿಗೆ ಬೆಂದು ಬೆಳ್ಳಗೆ ಮಚ್ಚೆ ಬಿದ್ದೋಯ್ತು, ರೋಗದಿಂದ ಆದ ನಷ್ಟಕ್ಕಿಂತ ಅದೇ ದೊಡ್ಡದಾಯ್ತು. ಒಂದೆರಡು ಚುಕ್ಕೆ ಇರೋ ಹಸಿರು ಎಲೆ ಇನ್ನೂ ಗಿಡಕ್ಕೆ ಅನ್ನ ಮಾಡ್ತಾನೇ ಇರುತ್ತೆ, ಮೊದಲು ಪೂರ್ತಿ ಹಾಳಾಗಿದ್ದು ತೆಗೀರಿ, ನಾಲ್ಕು ದಿನ ಬಿಟ್ಟು ಉಳಿದಿದ್ದು. ಕತ್ತರಿನ ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್‌ನಲ್ಲಿ ಒರೆಸ್ಕೊಳ್ಳಿ. ಕಿತ್ತ ಎಲೆ ಅಲ್ಲೇ ಬುಡದಲ್ಲಿ ಬಿಸಾಕೋದು, ಮನೆ ಕಾಂಪೋಸ್ಟಿಗೆ ಹಾಕೋದು ಎರಡೂ ಬೇಡ, ಸಣ್ಣ ಕಾಂಪೋಸ್ಟ್ ರಾಶಿ ಈ ಶಿಲೀಂಧ್ರ ಸಾಯೋವಷ್ಟು ಬಿಸಿ ಆಗೋದು ಅಪರೂಪ. ದೂರ ಆಳವಾಗಿ ಹೂಳಿ, ಇಲ್ಲ ಕವರ್‌ಗೆ ಕಟ್ಟಿ ಕಸಕ್ಕೆ ಹಾಕಿ.

ಆಮೇಲೆ ಬುಡಕ್ಕೆ ಹೊದಿಕೆ. ಒಣ ಹುಲ್ಲು, ಒಣಗಿದ ತರಗೆಲೆ, ಏನಾದ್ರೂ ಸರಿ, ಎರಡು ಮೂರು ಇಂಚು ದಪ್ಪ ಹರಡಿ, ಕಾಂಡಕ್ಕೆ ಮಾತ್ರ ಅಂಟಿಸಬೇಡಿ. ಮಣ್ಣು ಸಿಡಿಯೋದು ನಿಂತ್ರೆ ರೋಗದ ಮೊದಲ ಮೆಟ್ಟಿಲೇ ಹೋಯ್ತು. ಇಷ್ಟು ಸುಲಭದ ಕೆಲಸ ಬಿಟ್ಟು ಎಲ್ಲರೂ ನೇರ ಸ್ಪ್ರೇ ಪಂಪ್ ಹಿಡೀತಾರೆ ಅನ್ನೋದೇ ನನಗೆ ಬೇಜಾರು. ನೀರು ಬೆಳಗ್ಗೆ ಹೊತ್ತು ಬುಡಕ್ಕೆ ಮಾತ್ರ ಹಾಕಿ, ಪೈಪ್ ಹಿಡಿದು ಮೇಲಿಂದ ಎಲೆ ತೊಳೆಯೋ ಅಭ್ಯಾಸ ಇದ್ರೆ ಇವತ್ತೇ ಬಿಡಿ, ಅದೂ ಸಂಜೆ ಹಾಕಿದ್ರೆ ರಾತ್ರಿಯೆಲ್ಲ ಎಲೆ ಒದ್ದೆ. ಗಿಡನ ಕೋಲಿಗೆ ಎತ್ತಿ ಕಟ್ಟಿ, ಎರಡು ಗಿಡದ ಮಧ್ಯೆ ಗಾಳಿ ಓಡಾಡಬೇಕು, ಮಳೆ ನಿಂತ ಮೇಲೆ ಎಲೆ ಬೇಗ ಒಣಗಬೇಕು, ಅಷ್ಟೇ ಲೆಕ್ಕ.

ಸ್ಪ್ರೇ ವಿಷಯಕ್ಕೆ ಬರೋಣ. ತಾಮ್ರದ ಔಷಧಿಗಳು, ಮ್ಯಾಂಕೋಜೆಬ್, ಕ್ಲೋರೋಥಲೋನಿಲ್, ಇವೆಲ್ಲ ಎಲೆ ಮೇಲೆ ಕೂತು ಕಾವಲು ಕಾಯೋ ಔಷಧಿಗಳು. ಬೀಜಕಣ ಮೊಳೆಯೋಕೆ ಬಿಡಲ್ಲ, ಆದ್ರೆ ಒಳಗೆ ಹೋದದ್ದನ್ನ ಹೊರಗೆ ತಳ್ಳಲ್ಲ. ಅದಕ್ಕೆ ಮಳೆಗೆ ಮುಂಚೆ ಹೊಡೆದು ಒಣಗಿಸಿದ್ರೆ ಲಾಭ ಜಾಸ್ತಿ, ರೋಗ ಊರೆಲ್ಲ ಹರಡಿದ ಮೇಲೆ ಹೊಡೆದ್ರೆ ಕಮ್ಮಿ. ಹೊಸ ಎಲೆ ಬರ್ತಾನೇ ಇರುತ್ತೆ, ಅದರ ಮೇಲೆ ಔಷಧಿ ಇರಲ್ಲ, ಹಾಗಾಗಿ ಮಳೆಗಾಲದಲ್ಲಿ 7ರಿಂದ 10 ದಿನಕ್ಕೊಮ್ಮೆ ಮತ್ತೆ ಬೇಕಾಗುತ್ತೆ. ಎಲೆಯ ಹಿಂಬದಿಗೂ ತಾಗಬೇಕು. ಮ್ಯಾಂಕೋಜೆಬ್, ಕ್ಲೋರೋಥಲೋನಿಲ್ ಎರಡಕ್ಕೂ ಯುರೋಪಿಯನ್ ಒಕ್ಕೂಟದಲ್ಲಿ ಈಗ ಅನುಮತಿ ಇಲ್ಲ, ಮನೆಗೆ ತಿನ್ನೋ ನಾಲ್ಕು ಗಿಡಕ್ಕೆ ನಾನಂತೂ ತಾಮ್ರದಾಚೆ ಹೋಗಲ್ಲ. ಯಾವುದೇ ಹೊಡೀರಿ, ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಕಾಯಿ ಕೀಳಬೇಕು ಅಂತ ಡಬ್ಬಿ ಮೇಲೆ ಬರೆದಿರುತ್ತೆ, ಅದನ್ನ ಓದದೆ ಮುಚ್ಚಳ ತೆಗೀಬೇಡಿ, ಕೈಗವಸು ಮಾಸ್ಕ್ ಹಾಕ್ಕೊಳ್ಳಿ.

ತಾಮ್ರದ ಔಷಧಿಗಳಲ್ಲಿ ಒಂದಾದ ಬೋರ್ಡೋ ದ್ರಾವಣ ಮನೆಯಲ್ಲೇ ಮಾಡ್ಕೋಬಹುದು. ಇದರ ಹುಟ್ಟೇ ಚಂದ, ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ರಸ್ತೆ ಪಕ್ಕದ ದ್ರಾಕ್ಷಿ ಕದೀಬಾರದು ಅಂತ ರೈತರು ಮೈಲುತುತ್ತು (ಕಾಪರ್ ಸಲ್ಫೇಟ್), ಸುಣ್ಣ ಕಲಸಿ ಬಳ್ಳಿಗೆ ಎರಚ್ತಿದ್ರಂತೆ, 1882ರಲ್ಲಿ ಮಿಲಾರ್ಡೆ ಅನ್ನೋ ಸಸ್ಯವಿಜ್ಞಾನಿ ನೋಡ್ತಾರೆ, ಆ ಸಾಲಿನ ಬಳ್ಳಿಗಳಿಗೆ ಮಾತ್ರ ಬೂಜು ರೋಗ ಇಲ್ಲ! ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ್ರು. ಶೇಕಡ 1ರ ದ್ರಾವಣಕ್ಕೆ ಲೀಟರಿಗೆ 10 ಗ್ರಾಂ ಮೈಲುತುತ್ತು, 10 ಗ್ರಾಂ ಸುಣ್ಣ, ಟೊಮೆಟೊ ಎಲೆ ಮೆತ್ತಗಿರೋದ್ರಿಂದ ನಾನು ಎರಡೂ 5 ಗ್ರಾಂ ಹಾಕ್ತೀನಿ. ಪ್ಲಾಸ್ಟಿಕ್ ಬಕೆಟಲ್ಲಿ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತಿನ ನೀರನ್ನ ನಿಧಾನಕ್ಕೆ ಸುರೀತಾ ಕಲಕಬೇಕು. ಉಜ್ಜಿದ ಕಬ್ಬಿಣದ ಚಾಕು ಒಂದು ನಿಮಿಷ ಅದ್ದಿ ತೆಗೆದ್ರೆ ಕೆಂಪಗೆ ತಾಮ್ರ ಹಿಡಿದಿದ್ರೆ ಸುಣ್ಣ ಸಾಲದು, ಇನ್ನಷ್ಟು ಹಾಕಿ, ಇಲ್ಲಾಂದ್ರೆ ಎಲೆ ಸುಡುತ್ತೆ. ಶೋಧಿಸಿ ಅವತ್ತೇ ಮುಗಿಸಬೇಕು, ಮೊದಲು ಒಂದೆರಡು ಎಲೆಗೆ ಹೊಡೆದು ಒಂದು ದಿನ ನೋಡಿ. ತಾಮ್ರ ಮಣ್ಣಲ್ಲಿ ಕರಗಿ ಹೋಗಲ್ಲ, ಸೇರ್ತಾನೇ ಇರುತ್ತೆ, ಮೀನಿಗೂ ವಿಷ, ಅದಕ್ಕೆ ಕೆರೆ ಕುಂಟೆ ಪಕ್ಕ ಬೇಡ, ಪ್ರತಿ ವಾರ ಸುಮ್ಮನೆ ಹೊಡೆಯೋದೂ ಬೇಡ.

ಬೇಕಿಂಗ್ ಸೋಡಾ, ಹಾಲು, ಬೇವಿನ ಎಣ್ಣೆ ಕೇಳ್ತೀರ ಅಂತ ಗೊತ್ತು. ಇವು ಬೂದಿ ರೋಗಕ್ಕೆ ಸ್ವಲ್ಪ ಆಗುತ್ತೆ, ಈ ಚುಕ್ಕೆಗೆ ನಂಬ್ಕೊಂಡು ಕೂರಬೇಡಿ, ಸೋಡಾ ಜಾಸ್ತಿ ಆದ್ರೆ ಎಲೆನೇ ಸುಡುತ್ತೆ, ಎಣ್ಣೆ ಸುಡುಬಿಸಿಲಲ್ಲಿ ಹೊಡೆದ್ರೂ ಅಷ್ಟೆ.

ಗಿಡ ಕೀಳಲೇಬೇಕಾದ ಸಂದರ್ಭ ಒಂದಿದೆ, ಅದು ಲೇಟ್ ಬ್ಲೈಟ್. ತಂಪು ಮಳೆ ಹವೆಯಲ್ಲಿ ಎಲೆ ಮೇಲೆ ಚುಕ್ಕೆ ಅಲ್ಲ, ಬಿಸಿನೀರು ಎರಚಿದ ಹಾಗೆ ದೊಡ್ಡ ದೊಡ್ಡ ಕಂದುಹಸಿರು ಕಲೆ, ಬೆಳಗ್ಗೆ ಎಲೆ ಹಿಂದೆ ಬಿಳಿ ಬೂಷ್ಟು, ಕಾಂಡ ಕಪ್ಪಾಗೋದು, ಮೂರು ನಾಲ್ಕು ದಿನದಲ್ಲಿ ಗಿಡವೇ ಕುಸಿಯೋದು. 1845ರಿಂದ ಐರ್ಲೆಂಡಿನ ಆಲೂಗಡ್ಡೆ ಬೆಳೆ ನಾಶ ಮಾಡಿ ಬರಗಾಲ ತಂದಿದ್ದು ಈ ರೋಗ ತರೋ ಜೀವಿಯೇ. ಅದು ಕಂಡ್ರೆ ಕಾಯೋದೇ ಬೇಡ, ಕಿತ್ತು ಚೀಲಕ್ಕೆ ಹಾಕಿ, ಇಲ್ಲಾಂದ್ರೆ ಗಾಳಿಯಲ್ಲಿ ಅಕ್ಕಪಕ್ಕದವರ ಗಿಡಕ್ಕೂ ಹೋಗುತ್ತೆ. ನಿಮ್ಮದು ಅದಲ್ಲ.

ಕೊಯ್ಲು ಮುಗಿದ ಮೇಲೆ ಬೇರು ಸಮೇತ ಎಲ್ಲ ತೆಗೆದು, ಉದುರಿದ ಎಲೆ ಗುಡಿಸಿ. ಆ ಜಾಗದಲ್ಲಿ ಎರಡು ಮೂರು ವರ್ಷ ಟೊಮೆಟೊ, ಆಲೂಗಡ್ಡೆ, ಬದನೆ ಬೇಡ, ಹುರುಳಿಕಾಯಿಯೋ ಸೊಪ್ಪೋ ಹಾಕಿ. ಸುತ್ತ ಗಣಿಕೆ ಗಿಡ, ದತ್ತೂರಿ ಎದ್ದಿದ್ರೆ ಅವನ್ನೂ ಕೀಳಿ, ಅವೂ ಇದೇ ಕುಟುಂಬ, ಸೆಪ್ಟೋರಿಯಾ ಅವುಗಳ ಮೇಲೂ ಬದುಕುತ್ತೆ. ಆಸರೆ ಕೋಲುಗಳನ್ನ ಹಾಗೇ ಮೂಲೆಗೆ ಇಡಬೇಡಿ, ಅಂಟಿದ ಒಣ ಎಲೆ ಕೆರೆದು ತೊಳೆದು ಬಿಸಿಲಿಗೆ ಹಾಕಿ, ಮುಂದಿನ ಸಲ ಅದೇ ಕೋಲು ಹೊಸ ಗಿಡದ ಪಕ್ಕ ನೆಡ್ತೀರಲ್ವಾ.