ಹೊರಬಂದ ಡಿಸ್ಕ್ ಮತ್ತೆ ಒಳಗೆ ಹೋಗುತ್ತಾ?

ಪ್ರಶ್ನೆ: ಸೊಂಟದಿಂದ ಎಡಗಾಲಿನ ಹೆಬ್ಬೆರಳವರೆಗೆ ಚಳುಕು ಹೊಡೆಯುತ್ತದೆ. ಮೂರು ವಾರವಾಯಿತು. ಎಂಆರ್‌ಐನಲ್ಲಿ ಎಲ್4-ಎಲ್5 ಡಿಸ್ಕ್ (ಸೊಂಟದ ನಾಲ್ಕನೇ ಮತ್ತು ಐದನೇ ಬೆನ್ನುಮೂಳೆಗಳ ನಡುವಿನ ಮೆತ್ತೆ) ಹೊರಬಂದು ನರ ಒತ್ತುತ್ತಿದೆ ಅಂತ ಬಂದಿದೆ. ಅದು ಮತ್ತೆ ಒಳಗೆ ಹೋಗುತ್ತಾ, ಇಲ್ಲಾ ಆಪರೇಷನ್ನೇ ಗತಿಯಾ?

ಒಳಗೆ ಹೋಗುವುದಿಲ್ಲ. ಆದರೆ ಕರಗಬಹುದು.

‘ಡಿಸ್ಕ್ ಜಾರಿದೆ’ ಅನ್ನುವ ಮಾತೇ ಅರ್ಧ ಭಯಕ್ಕೆ ಕಾರಣ. ಡಿಸ್ಕ್ ಎಲ್ಲಿಗೂ ಜಾರುವುದಿಲ್ಲ; ಮೇಲಿನ ಮೂಳೆಗೂ ಕೆಳಗಿನ ಮೂಳೆಗೂ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಅದರ ಹೊರಗೆ ನಾರಿನ ಪದರಗಳು, ನಡುವೆ ಜೆಲ್ಲಿಯಂಥ ತಿರುಳು. ನಾರು ಹರಿದಾಗ ತಿರುಳು ಹೊರಗೆ ತಳ್ಳಿಕೊಂಡು ಬರುತ್ತದೆ. ಪಕ್ಕದ ನರವನ್ನು ಅದು ಒತ್ತುವುದಷ್ಟೇ ಅಲ್ಲ, ಕೆರಳಿಸಿ ಊದಿಸುತ್ತದೆ ಕೂಡ. ಹಾಗಾಗಿ ಕೆಟ್ಟಿರುವುದು ಸೊಂಟದಲ್ಲಾದರೂ ಉರಿಯುವುದು ಕಾಲು.

ಹೊರಬಂದ ತಿರುಳನ್ನು ದೇಹ ಹೊರಗಿನ ವಸ್ತುವೆಂದೇ ಭಾವಿಸುತ್ತದೆ. ರಕ್ತದಿಂದ ಬಂದ ಕಣಗಳು ಅದನ್ನು ಮೆಲ್ಲಗೆ ತಿಂದು ಮುಗಿಸುತ್ತವೆ. ವಿಚಿತ್ರವೆಂದರೆ, ಸ್ಕ್ಯಾನಿನಲ್ಲಿ ನೋಡಿ ಎದೆ ಝಲ್ಲೆನ್ನಿಸುವಂಥ ದೊಡ್ಡ, ಕಳಚಿಬಿದ್ದ ತುಣುಕುಗಳೇ ಹೆಚ್ಚಾಗಿ ಕರಗುವುದು. ಸಣ್ಣ ಉಬ್ಬು ಹಾಗೆಯೇ ಉಳಿಯಬಹುದು. ಉಳಿದರೂ ನೋವು ಇರಲೇಬೇಕೆಂದಿಲ್ಲ: ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರನ್ನು ಸ್ಕ್ಯಾನ್ ಮಾಡಿದರೂ ಸುಮಾರು 30 ಶೇಕಡಾ ಮಂದಿಯಲ್ಲಿ ಡಿಸ್ಕ್ ಉಬ್ಬಿರುವುದು ಕಾಣುತ್ತದೆ. ಆದ್ದರಿಂದ ರಿಪೋರ್ಟಿಗಿಂತ ನಿಮ್ಮ ಕಾಲನ್ನು ನಂಬಿ. ಹಿಮ್ಮಡಿಯ ಮೇಲೆ ನಾಲ್ಕು ಹೆಜ್ಜೆ, ತುದಿಗಾಲಲ್ಲಿ ನಾಲ್ಕು ಹೆಜ್ಜೆ ನಡೆಯಲು ಆಗುತ್ತಿದೆಯೇ? ನೋವು ಪಾದದಿಂದ ಮೇಲೇರುತ್ತಾ ಸೊಂಟದ ಕಡೆ ಹಿಂದೆ ಸರಿಯುತ್ತಿದೆಯೇ? ಸರಿಯುತ್ತಿದ್ದರೆ, ಸೊಂಟದ ನೋವು ಕೊಂಚ ಹೆಚ್ಚಿದರೂ ಅದು ಒಳ್ಳೆಯ ಸೂಚನೆ.

ಪಾದ ಎತ್ತಲಾಗದೆ ನೆಲಕ್ಕೆ ತಗುಲಿ ಎಡವುತ್ತಿದ್ದರೆ ಕಾಯಬೇಡಿ. ಮೂತ್ರ ಕಟ್ಟಿದರೆ, ಮಲಮೂತ್ರದ ಹಿಡಿತ ತಪ್ಪಿದರೆ, ತೊಡೆಸಂದು ಮತ್ತು ಗುದದ ಸುತ್ತ ಸ್ಪರ್ಶವೇ ತಿಳಿಯದಂತಾದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಿ. ಅಲ್ಲಿ ಗಂಟೆಗಳೂ ಲೆಕ್ಕಕ್ಕೆ ಬರುತ್ತವೆ.

ಇವು ಯಾವುವೂ ಇಲ್ಲದಿದ್ದರೆ ಮೂರು ವಾರ ಅವಸರದ ಹೊತ್ತಲ್ಲ. ಹೆಚ್ಚಿನವರಿಗೆ ಆರರಿಂದ ಹನ್ನೆರಡು ವಾರಗಳಲ್ಲಿ ನೋವು ಇಳಿಯುತ್ತದೆ. ಹಾಗಂತ ಅಷ್ಟೂ ದಿನ ಹಾಸಿಗೆ ಹಿಡಿಯಬೇಡಿ; ಒಂದೆರಡು ದಿನಕ್ಕಿಂತ ಹೆಚ್ಚು ಮಲಗಿದರೆ ಸ್ನಾಯು ಸೋಲುತ್ತದೆ, ಅಷ್ಟೇ. ತಡೆಯುವಷ್ಟು ನಡೆಯಿರಿ, ಅರ್ಧ ಗಂಟೆಗೊಮ್ಮೆ ಕುರ್ಚಿಯಿಂದ ಏಳಿ, ಬಗ್ಗಿ ಭಾರ ಎತ್ತುವುದನ್ನು ಸದ್ಯಕ್ಕೆ ಬಿಡಿ. ವ್ಯಾಯಾಮವನ್ನು ವಿಡಿಯೋ ನೋಡಿ ಆರಿಸಬೇಡಿ. ಒಬ್ಬರ ಕಾಲುನೋವು ತಗ್ಗಿಸಿದ ಭಂಗಿ ಇನ್ನೊಬ್ಬರದ್ದನ್ನು ಏರಿಸುತ್ತದೆ, ಫಿಸಿಯೋಥೆರಪಿಸ್ಟ್ ನಿಮ್ಮನ್ನು ಪರೀಕ್ಷಿಸಿಯೇ ಹೇಳಬೇಕು.

ಆಪರೇಷನ್ ಕೆಟ್ಟದ್ದೇನಲ್ಲ. 2007ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದರಲ್ಲಿ, ಆರರಿಂದ ಹನ್ನೆರಡು ವಾರ ಕಾಲುನೋವು ಅನುಭವಿಸಿದ್ದ 283 ಜನರಲ್ಲಿ ಒಂದು ಗುಂಪಿಗೆ ಬೇಗ ಶಸ್ತ್ರಚಿಕಿತ್ಸೆ ಮಾಡಿದರು, ಇನ್ನೊಂದಕ್ಕೆ ಕಾದು ನೋಡಲು ಹೇಳಿದರು. ಮೊದಲನೆಯವರ ನೋವು ಬೇಗ ಇಳಿಯಿತು. ವರ್ಷ ಕಳೆಯುವಷ್ಟರಲ್ಲಿ ಎರಡೂ ಗುಂಪಿನಲ್ಲಿ ಗುಣವಾದವರು 95 ಶೇಕಡಾ. ಆದರೆ ಕಾಯಲು ಹೇಳಿದವರಲ್ಲಿ 39 ಶೇಕಡಾ ಮಂದಿ ತಾಳಲಾರದೆ ನಡುವೆ ಆಪರೇಷನ್ ಮಾಡಿಸಿಕೊಂಡಿದ್ದರು. ಆರು ವಾರ ದಾಟಿಯೂ ರಾತ್ರಿ ನಿದ್ದೆ ಬಾರದಿದ್ದರೆ ನೀವೂ ಶಸ್ತ್ರಚಿಕಿತ್ಸಕರನ್ನು ಕಾಣಬಹುದು.